ಎರಡು ರೂಪಾಯಿಯ ಆಕ್ಷೇಪಣೆ

(ಬಾನುಲಿ ಭಾಷಣದ ಬರಹರೂಪ)

ಉಪಾಧ್ಯಾಯ ವೃತ್ತಿಯಲ್ಲಿದ್ದವರಿಗೆ ಚುನಾವಣೆಯ ಕೆಲಸ ತಪ್ಪಿದ್ದಲ್ಲ. ನನ್ನ ಮೂವತ್ತು ವರ್ಷಗಳ ಮೇಷ್ಟರಿಕೆಯಲ್ಲಿ ಎಷ್ಟೋ ಊರುಗಳ ಮತಗಟ್ಟೆಗಳಲ್ಲಿ ರಾತ್ರಿ ಚಾಪೆ ಹಾಸಿ ಮಲಗಿ, ಬೆಳಗಿನ ಜಾವಕ್ಕೆ ಎದ್ದು, ಸಂಜೆ ಅರಗು, ಮೊಹರು, ಶಾಯಿಗಳ ಲೆಕ್ಕ ಒಪ್ಪಿಸಿ ಬಂದಿದ್ದೇನೆ. ಆ ಊರುಗಳೆಲ್ಲ ಈಗ ನೆನಪಿನಲ್ಲಿ ಒಂದರೊಳಗೊಂದು ಕಲೆತುಹೋಗಿವೆ. ಒಂದು ಊರಿನ ಒಂದು ಗಳಿಗೆ ಮಾತ್ರ ಹಾಗೆಯೇ ಉಳಿದುಕೊಂಡಿದೆ. ಇಂದಿನ ನನ್ನ ಮಾತಿಗೆ ಅದೇ ಪೀಠಿಕೆ.

ಆ ದಿನ ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಬೆಳಗ್ಗೆ ಹತ್ತರ ಸುಮಾರಿಗೆ ಊರಾಚೆಯ ಕೇರಿಯಿಂದ ಐದು ಮಂದಿ ಹೆಂಗಸರು ಒಟ್ಟಾಗಿ ಬಂದು ಸಾಲಿನಲ್ಲಿ ನಿಂತರು. ಮುಂದಿದ್ದಾಕೆ ಎಪ್ಪತ್ತರ ಆಸುಪಾಸಿನ ಮುದುಕಿ. ಪಟ್ಟಿ ಹಿಡಿದಿದ್ದ ಗುಮಾಸ್ತರು ಆಕೆಯ ಹೆಸರನ್ನು ಓದಿದ್ದೇ ತಡ, ಅಭ್ಯರ್ಥಿಯೊಬ್ಬರ ಏಜೆಂಟನಾಗಿ ಕುಳಿತಿದ್ದ ತರುಣ ಎದ್ದು ನಿಂತು, "ಆಕ್ಷೇಪಣೆ ಇದೆ ಸಾರ್, ಈಕೆ ಆ ಹೆಸರಿನವಳಲ್ಲ" ಎಂದ. ನಮ್ಮ ಚುನಾವಣೆಯ ನಿಯಮಗಳಲ್ಲಿ ಇದಕ್ಕೊಂದು ಕ್ರಮವಿದೆ. ಆಕ್ಷೇಪಿಸುವವನು ಎರಡು ರೂಪಾಯಿ ನಗದು ಠೇವಣಿ ಇಡಬೇಕು. ಅಧಿಕಾರಿ ಅಲ್ಲಿಯೇ ವಿಚಾರಣೆ ನಡೆಸಬೇಕು. ಆರೋಪ ರುಜುವಾಗದಿದ್ದರೆ ಮತದಾರನಿಗೆ ಮತ ಕೊಡಿಸಬೇಕು. ಅದು ಹುರುಳಿಲ್ಲದ ಆರೋಪವೆಂದು ಕಂಡರೆ ಠೇವಣಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬೇಕು. ತರುಣ ಎರಡು ರೂಪಾಯಿಯನ್ನು ಮೇಜಿನ ಮೇಲಿಟ್ಟ. ನಾನು ರಸೀತಿ ಬರೆದೆ.

"ಅಜ್ಜೀ, ಪಟ್ಟಿಯಲ್ಲಿರುವ ಹೆಸರು ನಿಮ್ಮದೇ ಏನಮ್ಮ?" ಎಂದು ಕೇಳಿದೆ.

"ನಂದಲ್ದೆ ಇನ್ಯಾರ್ದು ಸ್ವಾಮಿ?" ಎಂದಳು.

ತರುಣನಲ್ಲಿ ಸಾಕ್ಷ್ಯವೇನೂ ಇರಲಿಲ್ಲ. ಊರ ತಳವಾರನನ್ನು ಕರೆಸಿದೆ. ತಾನು ಕಣ್ಣು ಬಿಟ್ಟಾಗಿನಿಂದ ಆಕೆಯನ್ನು ಅದೇ ಮನೆಯಲ್ಲಿ ನೋಡುತ್ತಿದ್ದೇನೆಂದು ಆತ ಹೇಳಿದ. ಆಕ್ಷೇಪಣೆ ಬಿದ್ದುಹೋಯಿತು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಆ ಅಳಿಸದ ಶಾಯಿಯನ್ನು ಬೆರಳಿಗೆ ಹಚ್ಚಿಸಿಕೊಳ್ಳುತ್ತ ಮುದುಕಿ ನನ್ನ ಕಡೆ ತಿರುಗಿ, "ಈ ಊರಾಗೇ ಹಲ್ಲು ಉದುರಿಸ್ಕೊಂಡೆ ಸ್ವಾಮಿ. ನಾನು ನಾನಲ್ಲ ಅನ್ನಾಕೆ ಈ ಮಗೀಗೆ ಎರಡು ರೂಪಾಯಿ ಸಾಕಾತಾ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಇಷ್ಟಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿದಿರಬಹುದು. ಆಮೇಲೆ ತಲೆಯೆತ್ತಿ ನೋಡಿದರೆ ಆಕೆಯ ಹಿಂದೆ ನಿಂತಿದ್ದ ನಾಲ್ವರು ಹೆಂಗಸರು ಅಲ್ಲಿರಲಿಲ್ಲ. ಸಂಜೆಯವರೆಗೂ ಅವರು ಮರಳಿ ಬರಲಿಲ್ಲ. ನಾನು ದಿನಚರಿಯ ನಮೂನೆಯಲ್ಲಿ "ಆಕ್ಷೇಪಿತ ಮತ: ಒಂದು, ಆಕ್ಷೇಪಣೆ ತಿರಸ್ಕೃತ" ಎಂದು ಬರೆದು ರುಜು ಹಾಕಿದೆ. ಹೊರಟುಹೋದ ನಾಲ್ವರನ್ನು ಬರೆಯಲು ಆ ನಮೂನೆಯಲ್ಲಿ ಅಂಕಣವಿರಲಿಲ್ಲ.

ನಿವೃತ್ತನಾದ ಮೇಲೆ, ಪಾಠ ಹೇಳುತ್ತಿದ್ದ ಕಾಲದಲ್ಲಿ ಮೇಲೆಮೇಲೆ ಓದಿದ್ದ ಅಮೆರಿಕದ ಚರಿತ್ರೆಯನ್ನು ನಿಧಾನವಾಗಿ ಓದುವ ಅವಕಾಶ ದೊರೆಯಿತು. ಅಲ್ಲಿಯ ಕರಿಯರ ಮತದಾನದ ಹಕ್ಕಿನ ಕಥೆಯನ್ನು ಓದುವಾಗ ಆ ನಾಲ್ವರು ಮತ್ತೆ ಮತ್ತೆ ನನ್ನ ಕಣ್ಣೆದುರಿಗೆ ಬಂದರು. ಒಬ್ಬ ಮನುಷ್ಯನಿಗೆ "ನೀನು ಅರ್ಹನಲ್ಲ" ಎನ್ನುವುದು ಎಷ್ಟು ಸುಲಭವಾಗಿರಬೇಕು, ಅದನ್ನು ರುಜುವಾತು ಮಾಡುವ ಹೊಣೆ ಯಾರ ಮೇಲಿರಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ಆ ಕಥೆ ನೂರೈವತ್ತು ವರ್ಷಗಳಿಂದ ಸುತ್ತುತ್ತಿದೆ.

ಅಂತರ್ಯುದ್ಧ ಮುಗಿದ 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡಿತು. 1870ರಲ್ಲಿ ಅಲ್ಲಿಯ ಸಂವಿಧಾನಕ್ಕೆ 15ನೆಯ ತಿದ್ದುಪಡಿ ಬಂತು. ಜನಾಂಗ, ಮೈಬಣ್ಣ ಅಥವಾ ಹಿಂದಿನ ದಾಸ್ಯದ ಕಾರಣದಿಂದ ಯಾವ ಪೌರನ ಮತದ ಹಕ್ಕನ್ನೂ ನಿರಾಕರಿಸಕೂಡದು ಎಂಬುದು ಅದರ ತಾತ್ಪರ್ಯ. ಅದೇ ವರ್ಷ ಮಿಸಿಸಿಪಿ ರಾಜ್ಯದಿಂದ ಹೈರಮ್ ರೆವಲ್ಸ್ ಎಂಬ ಕರಿಯ ಧರ್ಮಬೋಧಕರು ರಾಷ್ಟ್ರದ ಸೆನೆಟ್ಟಿನ ಸದಸ್ಯರಾದರು. ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಸಾವಿರ ಸಾವಿರವಾಗಿ ಮತ ಹಾಕಿದರು, ಶಾಸನಸಭೆಗಳಲ್ಲಿ ಕುಳಿತರು. ಆದರೆ ತಿದ್ದುಪಡಿಯ ಮಾತನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಅದು ಮತವನ್ನು ಕೊಡುವುದಿಲ್ಲ. ಇಂಥಿಂಥ ಕಾರಣಗಳಿಂದ ಕಿತ್ತುಕೊಳ್ಳಬೇಡಿ ಎನ್ನುತ್ತದೆ, ಅಷ್ಟೇ. ಬೇರೆ ಕಾರಣಗಳನ್ನು ಹುಡುಕಿಕೊಳ್ಳುವವರಿಗೆ ಬಾಗಿಲು ತೆರೆದೇ ಇತ್ತು.

1877ರಲ್ಲಿ ಕೇಂದ್ರದ ಸೇನೆಯ ಕಾವಲು ದಕ್ಷಿಣದಲ್ಲಿ ಕೊನೆಗೊಂಡಿತು. ಮೊದಮೊದಲು ಕೋವಿ, ಬೆದರಿಕೆ, ಪೆಟ್ಟಿಗೆಗಳಲ್ಲಿ ಮೋಸ ಇವುಗಳಿಂದ ಕೆಲಸ ನಡೆಯಿತು. ಆಮೇಲೆ ಬಂದವರು ಹೆಚ್ಚು ಜಾಣರು. ಅವರು ಲೇಖನಿ ಹಿಡಿದರು. 1890ರ ಮಿಸಿಸಿಪಿ ಸಂವಿಧಾನದಲ್ಲಿ ಮತದಾರನಾಗಬೇಕಾದವನು ರಾಜ್ಯದಲ್ಲಿ ಎರಡು ವರ್ಷ, ಮತಕ್ಷೇತ್ರದಲ್ಲಿ ಒಂದು ವರ್ಷ ನೆಲೆಸಿರಬೇಕು, ಎರಡು ಡಾಲರ್ ತಲೆಗಂದಾಯ ಕಟ್ಟಿರಬೇಕು, ಸಂವಿಧಾನದ ಯಾವುದಾದರೂ ವಿಧಿಯನ್ನು ಓದಬೇಕು ಅಥವಾ ಓದಿ ಹೇಳಿದಾಗ ಅದರ ಅರ್ಥವನ್ನು ಸಮಂಜಸವಾಗಿ ವಿವರಿಸಬೇಕು ಎಂದು ಬರೆದರು. ಎಲ್ಲಿಯೂ ಬಣ್ಣದ ಮಾತಿಲ್ಲ. ಪಾಲಿಗೆ ಗೇಯುತ್ತ ವರ್ಷವರ್ಷವೂ ಧಣಿಯಿಂದ ಧಣಿಗೆ ಎಡೆ ಬದಲಿಸುವ ಬಡವ ಯಾರು, ಎರಡು ಡಾಲರ್ ನಗದನ್ನು ಕಾಣದವನು ಯಾರು, ಓದು ಕಲಿಸುವುದೇ ಅಪರಾಧವೆನಿಸಿದ್ದ ಕಾಲದಲ್ಲಿ ಹುಟ್ಟಿದವನು ಯಾರು ಎಂಬುದು ಬರೆದವರಿಗೂ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು. ಈ ನಿಯಮಗಳ ಮಾತಿನಲ್ಲಿ ಭೇದವೇನೂ ಕಾಣುವುದಿಲ್ಲವೆಂದು 1898ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು.

ಅದೇ ವರ್ಷ ಲೂಯಿಸಿಯಾನ ರಾಜ್ಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಕ್ಷರ ಮತ್ತು ಆಸ್ತಿಯ ಷರತ್ತುಗಳನ್ನು ಹಾಕಿದರೆ ಓದು ಬಾರದ ಬಡ ಬಿಳಿಯರೂ ಹೊರಗುಳಿಯಬೇಕಲ್ಲ! ಅದಕ್ಕೆ ಅವರು ಕಂಡುಕೊಂಡ ಉಪಾಯ: 1867ರ ಜನವರಿ 1ರಂದು ಯಾರಿಗೆ ಮತದ ಹಕ್ಕಿತ್ತೋ ಅವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಈ ಷರತ್ತುಗಳು ಅನ್ವಯಿಸವು. ಆ ದಿನ ಲೂಯಿಸಿಯಾನದ ಕರಿಯರಿಗೆ ಮತದ ಹಕ್ಕು ಇನ್ನೂ ಬಂದಿರಲಿಲ್ಲ. ಚರಿತ್ರೆಯಲ್ಲಿ ಇದು 'ಅಜ್ಜನ ಷರತ್ತು' ಎಂದೇ ಹೆಸರಾಗಿದೆ. 1896ರಲ್ಲಿ ಆ ರಾಜ್ಯದ ಪಟ್ಟಿಯಲ್ಲಿ 1,30,334 ಮಂದಿ ಕರಿಯ ಮತದಾರರಿದ್ದರು. 1900ರಲ್ಲಿ ಉಳಿದವರು 5,320. 1904ರಲ್ಲಿ 1,342. ಎಂಟು ವರ್ಷಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಪಟ್ಟಿಯಿಂದ ಕರಗಿಹೋದರು. ಅಜ್ಜನ ಷರತ್ತು ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1915ರಲ್ಲಿ, ಒಕ್ಲಹೋಮ ರಾಜ್ಯದ ಮೊಕದ್ದಮೆಯೊಂದರಲ್ಲಿ. ಅಷ್ಟರಲ್ಲಿ ಅದರ ಕೆಲಸ ಮುಗಿದಿತ್ತು.

ನ್ಯಾಯ ಕೇಳಿದವರಿರಲಿಲ್ಲವೆಂದಲ್ಲ. ಅಲಬಾಮ ರಾಜ್ಯದ ಮಾಂಟ್ಗಮರಿ ಪಟ್ಟಣದಲ್ಲಿ ಜಾಕ್ಸನ್ ಗೈಲ್ಸ್ ಎಂಬಾತ ತನ್ನ ಪರವಾಗಿಯೂ ತನ್ನಂಥ ಐದು ಸಾವಿರಕ್ಕೂ ಮೇಲ್ಪಟ್ಟ ಕರಿಯರ ಪರವಾಗಿಯೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ. 1903ರಲ್ಲಿ ತೀರ್ಪು ಬರೆದವರು ಅಮೆರಿಕದ ಮಹಾನ್ಯಾಯಾಧೀಶರಲ್ಲಿ ಒಬ್ಬರೆಂದು ಕೀರ್ತಿ ಪಡೆದ ಆಲಿವರ್ ವೆಂಡೆಲ್ ಹೋಮ್ಸ್. ಅವರ ವಾದದ ಸಾರ ಹೀಗೆ: ಈ ನೋಂದಣಿಯ ವ್ಯವಸ್ಥೆಯೇ ಮೋಸವೆಂದು ನೀನು ಹೇಳುತ್ತೀಯೆ, ಹಾಗಿದ್ದರೆ ಆ ಮೋಸದ ಪಟ್ಟಿಗೇ ನಿನ್ನ ಹೆಸರನ್ನು ಸೇರಿಸೆಂದು ನ್ಯಾಯಾಲಯ ಹೇಗೆ ಹೇಳೀತು? ರಾಜ್ಯದ ಬಿಳಿಯರು ಒಟ್ಟಾಗಿ ನಿನ್ನನ್ನು ದೂರವಿಡಬೇಕೆಂದಿದ್ದರೆ ಕಾಗದದ ಮೇಲಿನ ಹೆಸರಿನಿಂದ ಪ್ರಯೋಜನವಿಲ್ಲ. ನಿನ್ನ ರಾಜಕೀಯ ಅಹವಾಲನ್ನು ಶಾಸನಸಭೆಯ ಮುಂದಿಡು. ಮತವಿಲ್ಲದವನು ಯಾವ ಬಲದಿಂದ ಶಾಸನಸಭೆಯ ಬಾಗಿಲು ತಟ್ಟಬೇಕು ಎಂಬುದನ್ನು ತೀರ್ಪು ಹೇಳಲಿಲ್ಲ.

ಕೇಳುಗರಲ್ಲಿ ಸಾಹಿತ್ಯದ ಒಲವುಳ್ಳವರು ಹೆಚ್ಚೆಂದು ಬಲ್ಲೆ. ಈ ಕಥೆಯ ಒಂದು ಎಳೆ ಅಂಥವರ ಮನಸ್ಸಿಗೆ ವಿಶೇಷವಾಗಿ ನಾಟಬೇಕು. ಅದು ಅಕ್ಷರದ ಎಳೆ. ನಾವು ನವರಾತ್ರಿಯಲ್ಲಿ ಪುಸ್ತಕವನ್ನಿಟ್ಟು ಪೂಜಿಸುವ ಜನ; ವಿದ್ಯೆಯಿದ್ದವನಿಗೆ ಮತವಿರಲಿ ಎಂಬ ಮಾತು ನಮ್ಮ ಕಿವಿಗೆ ಅಷ್ಟೇನೂ ಅನ್ಯಾಯವೆಂದು ತೋರುವುದಿಲ್ಲ. ಆದರೆ ಅಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ಷರಕ್ಕೆ ಯಾವ ಬೆಲೆಯಿತ್ತು ಎಂಬುದನ್ನು ನೋಡಬೇಕು.

ಅಲಬಾಮದ ಟಸ್ಕೀಗಿ ಪಟ್ಟಣದಲ್ಲಿ ಬುಕರ್ ವಾಷಿಂಗ್ಟನ್ನರು 1881ರಲ್ಲಿ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಯಿದೆ. ಅಲ್ಲಿ ಪಾಠ ಹೇಳುತ್ತಿದ್ದ ಕರಿಯ ಪ್ರಾಧ್ಯಾಪಕರು ಸುಶಿಕ್ಷಿತರು. ಅಂಥವರಲ್ಲಿಯೂ ಎಷ್ಟೋ ಮಂದಿಗೆ ಪಟ್ಟಿಯಲ್ಲಿ ಹೆಸರು ಬರೆಸಲು ಸಾಧ್ಯವಾಗಲಿಲ್ಲ. ಕೆಲವೊಮ್ಮೆ ನೋಂದಣಿಯ ಅಧಿಕಾರಿಗಳು ರಾಜೀನಾಮೆ ಕೊಟ್ಟು ತಿಂಗಳುಗಟ್ಟಲೆ ಕಚೇರಿಯೇ ನಡೆಯುತ್ತಿರಲಿಲ್ಲ. ಇಷ್ಟಾಗಿಯೂ ನಾಲ್ಕುನೂರು ಮಂದಿ ಕರಿಯರು ಪಟ್ಟಿ ಸೇರಿದಾಗ, 1957ರಲ್ಲಿ ರಾಜ್ಯದ ಶಾಸನಸಭೆ ಪಟ್ಟಣದ ಎಲ್ಲೆಯನ್ನೇ ಬದಲಾಯಿಸಿತು. ಚೌಕವಾಗಿದ್ದ ಪಟ್ಟಣ ಇಪ್ಪತ್ತೆಂಟು ಮಗ್ಗುಲಿನ ವಿಚಿತ್ರ ಆಕೃತಿಯಾಯಿತು. ಆ ನಾಲ್ಕುನೂರರಲ್ಲಿ ನಾಲ್ಕೈದು ಮಂದಿಯ ಹೊರತು ಎಲ್ಲರೂ ಮನೆ ಬಿಟ್ಟು ಕದಲದೆಯೇ ಊರಾಚೆಯವರಾದರು. ಒಬ್ಬ ಬಿಳಿಯನೂ ಹೊರಗೆ ಹೋಗಲಿಲ್ಲ. ಆ ಸಂಸ್ಥೆಯ ಸಮಾಜಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಮೊಕದ್ದಮೆ ಹೂಡಿದರು. 1960ರಲ್ಲಿ ಸರ್ವೋಚ್ಚ ನ್ಯಾಯಾಲಯದ ಎಲ್ಲ ನ್ಯಾಯಾಧೀಶರೂ ಅವರ ಪರವಾಗಿ ನಿಂತರು.

ಇನ್ನು ನನ್ನ ಪೀಠಿಕೆಯ ಆಕ್ಷೇಪಣೆಗೆ ನೇರವಾಗಿ ಸೇರಿದ ಭಾಗ. 1950ರ ದಶಕದಲ್ಲಿ ಲೂಯಿಸಿಯಾನದಲ್ಲಿ ಕರಿಯರ ಹೆಸರುಗಳು ಮತ್ತೆ ಪಟ್ಟಿಗಳಲ್ಲಿ ಕಾಣತೊಡಗಿದ್ದವು. ಆಗ 'ಸಿಟಿಜನ್ಸ್ ಕೌನ್ಸಿಲ್' ಎಂಬ ಬಿಳಿಯರ ಸಂಘಟನೆಯವರು ಆ ರಾಜ್ಯದ ಒಂದು ಹಳೆಯ ಕಾನೂನನ್ನು ಹೊರತೆಗೆದರು. ಅದರ ಪ್ರಕಾರ ಇಬ್ಬರು ಮತದಾರರು ಸೇರಿ ಪ್ರಮಾಣಪತ್ರ ಬರೆದುಕೊಟ್ಟರೆ ಯಾರ ಅರ್ಹತೆಯನ್ನಾದರೂ ಪ್ರಶ್ನಿಸಬಹುದು. ಪ್ರಶ್ನೆಗೆ ಒಳಗಾದವನು ಹತ್ತು ದಿನಗಳೊಳಗೆ ತನ್ನ ಪರವಾಗಿ ಮೂವರು ಮತದಾರರ ಪ್ರಮಾಣವನ್ನು ಒದಗಿಸಬೇಕು. ಇಲ್ಲವಾದರೆ ಹೆಸರು ಹೋಯಿತು. 1956ರ ವಸಂತದಲ್ಲಿ ಮನ್ರೋ ಪಟ್ಟಣವಿರುವ ವಾಷಿಟಾ ಪ್ಯಾರಿಷ್‌ನಲ್ಲಿ ಸಾವಿರಾರು ಕರಿಯರ ಮೇಲೆ ಹೀಗೆ ಆಕ್ಷೇಪಣೆಗಳು ಬಂದವು. ಪ್ಯಾರಿಷ್ ಎಂದರೆ ನಮ್ಮ ತಾಲ್ಲೂಕಿನಂಥದು. ಬೆಳಗಿನ ಜಾವ ಐದು ಗಂಟೆಗೇ ಜನ ಕಚೇರಿಯ ಮುಂದೆ ಬಂದು ನಿಂತರು. ಅಧಿಕಾರಿ ದಿನಕ್ಕೆ ಐವತ್ತು ಮಂದಿಯ ಅಹವಾಲನ್ನು ಮಾತ್ರ ಕೇಳಿದ. ತಾನೇ ಆಕ್ಷೇಪಣೆಗೆ ಒಳಗಾದವನು ಇನ್ನೊಬ್ಬನಿಗೆ ಸಾಕ್ಷಿಯಾಗಕೂಡದೆಂದ. ಒಬ್ಬನಿಗೆ ಸಾಕ್ಷಿಯಾದವನು ಮತ್ತೊಬ್ಬನಿಗಾಗಕೂಡದೆಂದ. ಹತ್ತು ದಿನ ಕಳೆಯಿತು, ಹೆಸರುಗಳು ಹೋದವು.

ವಾಷಿಂಗ್ಟನ್ ಪ್ಯಾರಿಷ್ ಎಂಬಲ್ಲಿ ಇದೇ ರೀತಿ 1,377 ಮಂದಿ ಕರಿಯರ ಹೆಸರು ಹೋಯಿತು. ಅವರ ಮೇಲಿದ್ದ ಆರೋಪವೇನು? ನೋಂದಣಿಯ ಚೀಟಿಯಲ್ಲಿ ಕಾಗುಣಿತ ತಪ್ಪಿದೆ, ವಯಸ್ಸನ್ನು ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನವೆಂದು ಲೆಕ್ಕಹಾಕಿ ಬರೆಯುವುದರಲ್ಲಿ ಒಂದು ದಿನ ಹೆಚ್ಚು ಕಡಿಮೆಯಾಗಿದೆ, ಇಂಥವು. ಅದೇ ತಪ್ಪುಗಳು ಬಿಳಿಯರ ಚೀಟಿಗಳಲ್ಲಿಯೂ ಧಾರಾಳವಾಗಿದ್ದವು. ಅವನ್ನು ಯಾರೂ ತೆಗೆದು ನೋಡಿರಲಿಲ್ಲ. ಲೂಯಿಸಿಯಾನದ ಈ ಆಕ್ಷೇಪಣೆಯ ಕಾಗದಗಳನ್ನು ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ ಪರಿಶೀಲಿಸಿದಾಗ ಒಂದರಲ್ಲಿ ಕಂಡ ಮಾತು ಮರೆಯುವಂಥದಲ್ಲ. ಅರ್ಜಿದಾರನ 'ಸ್ಪೆಲ್ಲಿಂಗ್' ತಪ್ಪಾಗಿದೆ ಎಂದು ಬರೆಯಹೊರಟ ಆಕ್ಷೇಪಕ 'ಸ್ಪಿಲ್ಲಿಂಗ್' ಎಂದು ಬರೆದಿದ್ದ! ಅಕ್ಷರ ತಪ್ಪಿತೆಂದು ಆರೋಪಿಸಿದವನಿಗೆ ಅಕ್ಷರವೆಂಬ ಮಾತನ್ನೇ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. 1960ರಲ್ಲಿ ನ್ಯಾಯಾಧೀಶ ಸ್ಕೆಲಿ ರೈಟ್ ಆ 1,377 ಹೆಸರುಗಳನ್ನೂ ಪಟ್ಟಿಗೆ ಮರಳಿ ಸೇರಿಸಬೇಕೆಂದು ಆಜ್ಞೆ ಮಾಡಿದರು. ಅವರೂ ಲೂಯಿಸಿಯಾನದಲ್ಲಿಯೇ ಹುಟ್ಟಿ ಬೆಳೆದ ಬಿಳಿಯರು ಎಂಬುದನ್ನು ಹೇಳಬೇಕು.

ಅರ್ಥ ವಿವರಿಸುವ ಪರೀಕ್ಷೆಯ ಗತಿಯೂ ಇದೇ. ಲೂಯಿಸಿಯಾನದ ಒಬ್ಬ ಬಿಳಿಯ ಅರ್ಜಿದಾರ ಸಂವಿಧಾನದ ಒಂದು ವಿಧಿಗೆ ವಿವರಣೆಯಾಗಿ 'ವಾಕ್ ಸ್ವಾತಂತ್ರ್ಯ' ಎಂಬರ್ಥದ ಮೂರು ಇಂಗ್ಲಿಷ್ ಪದಗಳನ್ನು ಬರೆದ. ಮೂರರಲ್ಲಿ ಒಂದೂ ಸರಿಯಿರಲಿಲ್ಲ. 'ಫ್ರೀಡಮ್ ಆಫ್ ಸ್ಪೀಚ್' ಎಂಬುದು 'ಫ್ರ್‌ಡಮ್ ಫೂಫ್ ಸ್ಪೆಟ್ಘ್' ಎಂಬಂತೆ ಆಗಿತ್ತು. ಆತ ತೇರ್ಗಡೆಯಾದ. ಶೋಧನೆ ನಡೆಸಬೇಕಾದರೆ ಅಧಿಕಾರವುಳ್ಳವರ ವಾರಂಟು ಬೇಕೆಂದು ಸರಿಯಾದ ತಿರುಳನ್ನೇ ಬರೆದ ಕರಿಯನೊಬ್ಬ ನಪಾಸಾದ. ನಾನು ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದವನು. ಉತ್ತರವನ್ನು ನೋಡುವ ಮುನ್ನ ಮುಖವನ್ನು ನೋಡಿ ಅಂಕ ಕೊಟ್ಟರೆ ಅದಕ್ಕೆ ಪರೀಕ್ಷೆಯೆಂಬ ಹೆಸರು ಸಲ್ಲದು.

ಈ ಪರೀಕ್ಷೆಗೆ ಕುಳಿತವರ ಪೈಕಿ ಒಬ್ಬಾಕೆಯ ಹೆಸರನ್ನು ಹೇಳಲೇಬೇಕು: ಫ್ಯಾನಿ ಲೂ ಹೇಮರ್. 1917ರಲ್ಲಿ ಮಿಸಿಸಿಪಿಯ ಬಡ ಸಂಸಾರವೊಂದರ ಇಪ್ಪತ್ತನೆಯ ಮಗುವಾಗಿ ಹುಟ್ಟಿದಾಕೆ. ಹತ್ತಿಯ ತೋಟದಲ್ಲಿ ಹದಿನೆಂಟು ವರ್ಷ ದುಡಿದಾಕೆ. 1962ರ ಆಗಸ್ಟ್ 31ರಂದು ಹದಿನೇಳು ಮಂದಿಯ ಜೊತೆಯಲ್ಲಿ ಬಾಡಿಗೆಯ ಬಸ್ಸಿನಲ್ಲಿ ಇಂಡಿಯನೋಲ ಪಟ್ಟಣದ ಕಚೇರಿಗೆ ಹೋದಳು. ಪರೀಕ್ಷೆಯಲ್ಲಿ ಆಕೆಗೆ ಸಿಕ್ಕದ್ದು ವಕೀಲರೂ ಯೋಚಿಸಿ ಉತ್ತರಿಸಬೇಕಾದ ಒಂದು ಕಾನೂನಿನ ವಿಧಿ. ನಪಾಸಾಗಿ ಹಿಂದಿರುಗುವ ದಾರಿಯಲ್ಲಿ ಪೊಲೀಸರು ಬಸ್ಸನ್ನು ತಡೆದರು. ಬಸ್ಸಿನ ಹಳದಿ ಬಣ್ಣ ಶಾಲೆಯ ಬಸ್ಸಿನ ಬಣ್ಣವನ್ನು ಹೋಲುತ್ತದೆಂದು ದಂಡ! ಮನೆ ಸೇರಿದರೆ ತೋಟದ ಧಣಿ ಕಾದಿದ್ದ: ಅರ್ಜಿ ಹಿಂತೆಗೆದುಕೊ, ಇಲ್ಲವೇ ಜಾಗ ಖಾಲಿ ಮಾಡು. ಅರ್ಜಿ ಹಾಕಿದ್ದು ನಿಮಗಾಗಿ ಅಲ್ಲ, ನನಗಾಗಿ ಎಂದು ಹೇಳಿ ಆಕೆ ಅದೇ ರಾತ್ರಿ ಹೊರಟಳು. ಆ ವರ್ಷವೇ ಮಿಸಿಸಿಪಿಯಲ್ಲಿ ಹೊಸದೊಂದು ಕಾನೂನು ಬಂದಿತ್ತು. ಅರ್ಜಿ ಹಾಕಿದವರ ಹೆಸರುಗಳನ್ನು ಎರಡು ವಾರ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅವರ ಶೀಲವನ್ನು ಯಾವ ಮತದಾರನಾದರೂ ಪ್ರಶ್ನಿಸಬಹುದು. ಪತ್ರಿಕೆಯಲ್ಲಿ ಹೆಸರು ಬಂತೆಂದರೆ ಕೆಲಸ ಕೊಟ್ಟವನಿಗೂ ಸಾಲ ಕೊಟ್ಟವನಿಗೂ ಸುದ್ದಿ ಮುಟ್ಟಿತೆಂದೇ ಅರ್ಥ. 1963ರ ಜನವರಿಯಲ್ಲಿ ಹೇಮರ್ ತೇರ್ಗಡೆಯಾದಳು. ಮತ ಹಾಕಲು ಹೋದಾಗ ಎರಡು ವರ್ಷದ ತಲೆಗಂದಾಯದ ರಸೀತಿ ಎಲ್ಲಿ ಎಂದು ಕೇಳಿದರು.

1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ ಆಕೆ ತನ್ನ ಕಥೆಯನ್ನು, ಜೈಲಿನಲ್ಲಿ ತಿಂದ ಪೆಟ್ಟುಗಳ ಸಹಿತ, ಹೇಳಿದಳು. ದೇಶ ಅದನ್ನು ದೂರದರ್ಶನದಲ್ಲಿ ನೋಡಿತು. ದಕ್ಷಿಣದಲ್ಲಿ ಕರಿಯರನ್ನು ಮತದಿಂದ ದೂರವಿಟ್ಟಿದ್ದವರು ಆ ಕಾಲಕ್ಕೆ ಅದೇ ಪಕ್ಷದವರು ಎಂಬುದನ್ನು ಮರೆಯಬಾರದು. ಮಾರನೆಯ ವರ್ಷದ ಮಾರ್ಚ್ 7ರಂದು ಅಲಬಾಮದ ಸೆಲ್ಮಾ ಪಟ್ಟಣದ ಸೇತುವೆಯ ಮೇಲೆ ಮೆರವಣಿಗೆ ಬಂದ ನಿರಾಯುಧ ಜನರ ಮೇಲೆ ಲಾಠಿ, ಅಶ್ರುವಾಯುಗಳ ದಾಳಿ ನಡೆಯಿತು. ಆ ಕೌಂಟಿಯಲ್ಲಿ ವಯಸ್ಸಿಗೆ ಬಂದ ಕರಿಯರು ಸುಮಾರು 15,000. ನಾಲ್ಕು ವರ್ಷ ಕೋರ್ಟಿಗೆ ಅಲೆದ ಮೇಲೆ ಪಟ್ಟಿಯಲ್ಲಿದ್ದವರ ಸಂಖ್ಯೆ 156ರಿಂದ 383ಕ್ಕೆ ಏರಿತ್ತು, ಅಷ್ಟೇ. ಒಂದೊಂದೇ ಮೊಕದ್ದಮೆಯಿಂದ ಈ ಗಂಟು ಬಿಡಿಸಲಾಗದೆಂಬುದು ಆಗ ಎಲ್ಲರಿಗೂ ತಿಳಿಯಿತು.

1965ರ ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ರುಜು ಹಾಕಿದ ಮತದಾನದ ಹಕ್ಕುಗಳ ಕಾಯಿದೆಯ ಮಹತ್ವ ಇರುವುದು ಇಲ್ಲಿ. ಆ ರಾಜ್ಯಗಳಲ್ಲಿ ಅಕ್ಷರದ ಪರೀಕ್ಷೆಗಳನ್ನು ಅದು ಅಮಾನತಿನಲ್ಲಿಟ್ಟಿತು. ಅಷ್ಟೇ ಅಲ್ಲ, ಹೊಣೆಯನ್ನು ಮಗುಚಿಹಾಕಿತು. ಹಳೆಯ ಅನ್ಯಾಯದ ಚರಿತ್ರೆಯುಳ್ಳ ರಾಜ್ಯ ತನ್ನ ಚುನಾವಣೆಯ ನಿಯಮವನ್ನು ಬದಲಾಯಿಸಬೇಕಾದರೆ, ಅದರಿಂದ ಯಾರಿಗೂ ಜನಾಂಗದ ಕಾರಣದಿಂದ ಹಾನಿಯಿಲ್ಲವೆಂದು ತಾನೇ ಮುಂಚಿತವಾಗಿ ರುಜುವಾತು ಮಾಡಬೇಕು. ಅದುವರೆಗೆ ಮುದುಕಿ ತಾನು ತಾನೇ ಎಂದು ತೋರಿಸಬೇಕಾಗಿತ್ತು; ಇನ್ನು ಮೇಲೆ ಪಟ್ಟಿಯನ್ನಿಟ್ಟವನು ತನ್ನ ಕೈ ಶುದ್ಧವೆಂದು ತೋರಿಸಬೇಕು. ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. ಮಿಸಿಸಿಪಿಯಲ್ಲಿ ಕಾಯಿದೆಗೆ ಮುನ್ನ ನೂರಕ್ಕೆ 6.7 ಮಂದಿ ಕರಿಯರು ಪಟ್ಟಿಯಲ್ಲಿದ್ದರು. 1967ರಲ್ಲಿ ನೂರಕ್ಕೆ 59.8.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1981ರಲ್ಲಿ ಉತ್ತರದ ನ್ಯೂಜೆರ್ಸಿಯಲ್ಲಿ ರಾಜ್ಯಪಾಲರ ಚುನಾವಣೆ ನಡೆದಾಗ ರಿಪಬ್ಲಿಕನ್ ಪಕ್ಷದವರು ಕರಿಯರೂ ಸ್ಪ್ಯಾನಿಷ್ ಮೂಲದವರೂ ಹೆಚ್ಚಾಗಿರುವ ಬಡಾವಣೆಗಳ ಮತದಾರರಿಗೆ ಅಂಚೆಯಲ್ಲಿ ಕಾಗದ ಕಳುಹಿಸಿ, ತಲಪದೆ ಹಿಂದಿರುಗಿದ ಸುಮಾರು 45,000 ಕಾಗದಗಳ ವಿಳಾಸಗಳನ್ನು ಆಕ್ಷೇಪಣೆಯ ಪಟ್ಟಿಯಾಗಿ ಮಾಡಿಕೊಂಡರು. ಮತಗಟ್ಟೆಗಳ ಬಳಿ ತೋಳಪಟ್ಟಿ ಕಟ್ಟಿದ, ರಜೆಯಲ್ಲಿದ್ದ ಪೊಲೀಸರನ್ನು ನಿಲ್ಲಿಸಿದರು. ಮರುವರ್ಷ ನ್ಯಾಯಾಲಯದಲ್ಲಿ ಒಪ್ಪಂದ ಬರೆದುಕೊಟ್ಟು ಇಂಥ ಕೆಲಸವನ್ನು ಬಿಡುವುದಾಗಿ ಪಕ್ಷ ಮಾತು ಕೊಟ್ಟಿತು. ಆ ಒಪ್ಪಂದದ ಅವಧಿ 2017ರ ಡಿಸೆಂಬರಿನಲ್ಲಿ ತೀರಿತು. ಅದಕ್ಕೂ ಮುಂಚೆ, 2013ರ ಜೂನ್ 25ರಂದು, ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳ ತೀರ್ಪಿನಲ್ಲಿ, ಯಾವ ರಾಜ್ಯಗಳು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬುದನ್ನು ಗೊತ್ತುಮಾಡುವ 1965ರ ಕಾಯಿದೆಯ ಸೂತ್ರ ಹಳತಾಯಿತೆಂದು ತೆಗೆದುಹಾಕಿತು. ದಕ್ಷಿಣ ಬದಲಾಗಿದೆ ಎಂಬುದು ಬಹುಮತದ ವಾದ. ಮಳೆಯಲ್ಲಿ ನೆನೆಯದಿರುವುದು ಕೊಡೆಯಿಂದ. ನೆನೆದಿಲ್ಲವೆಂದು ಕೊಡೆಯನ್ನು ಬಿಸುಡುವುದು ಸರಿಯೇ ಎಂಬುದು ಭಿನ್ನಮತ ಬರೆದ ನ್ಯಾಯಾಧೀಶೆ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಪ್ರಶ್ನೆಯ ಭಾವ.

2015ರಲ್ಲಿ ಜಾರ್ಜಿಯ ರಾಜ್ಯದ ಸ್ಪಾರ್ಟಾ ಎಂಬ ಪುಟ್ಟ ಊರಿನಲ್ಲಿ ನೂರೆಂಬತ್ತಕ್ಕೂ ಹೆಚ್ಚು ಮಂದಿ ಕರಿಯ ಮತದಾರರ ಅರ್ಹತೆಯ ಮೇಲೆ ಪ್ರಶ್ನೆ ಬಂತು. ಊರಿನ ಮತದಾರರಲ್ಲಿ ಸುಮಾರು ಐದರಲ್ಲೊಂದು ಪಾಲು. ಬಂದು ರುಜುವಾತು ಮಾಡಿಕೊಳ್ಳಿರೆಂಬ ಸಮನ್ಸನ್ನು ಪೊಲೀಸಿನವರೇ ಅವರ ಮನೆ ಬಾಗಿಲಿಗೆ ತಂದುಕೊಟ್ಟರು. ಮೊಕದ್ದಮೆ ನಡೆದು 2017ರಲ್ಲಿ ರಾಜಿಯಾಯಿತು.

ಇನ್ನೊಂದು ಪಕ್ಷದ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ಮತದಾರರ ಪಟ್ಟಿಯಲ್ಲಿ ಸತ್ತವರಿರುತ್ತಾರೆ, ಊರು ಬಿಟ್ಟವರಿರುತ್ತಾರೆ, ಒಂದೇ ಹೆಸರು ಎರಡೆಡೆ ಇರುತ್ತದೆ. ಪಟ್ಟಿಯನ್ನು ಶುದ್ಧಿಮಾಡಲೇಬೇಕು, ಕಳ್ಳಮತವನ್ನು ತಡೆಯಲೇಬೇಕು. ಇದನ್ನು ನಾನು ಒಪ್ಪುತ್ತೇನೆ. ಮತಗಟ್ಟೆಯಲ್ಲಿ ಕುಳಿತವನಾಗಿ ಒಪ್ಪದೆ ವಿಧಿಯಿಲ್ಲ. ಆದರೆ ಶುದ್ಧಿಯ ಪೊರಕೆ ಒಂದೇ ಬೀದಿಯನ್ನು ಗುಡಿಸುತ್ತಿದ್ದರೆ, ಕಸ ಇರುವುದು ಅಲ್ಲಿಯೇ ಎಂದು ನಂಬುವ ಮುನ್ನ ಪೊರಕೆ ಹಿಡಿದ ಕೈಯನ್ನೊಮ್ಮೆ ನೋಡಬೇಕಾಗುತ್ತದೆ. ಲೂಯಿಸಿಯಾನದ ಚೀಟಿಗಳು ಕಲಿಸುವ ಪಾಠ ಇದು.

ನಮ್ಮ ದೇಶ ಗಣರಾಜ್ಯವಾದಾಗ ಬೇರೊಂದು ದಾರಿ ಹಿಡಿಯಿತು. 1951ರ ಜನಗಣತಿಯಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 18. ಬ್ರಿಟಿಷರ ಕಾಲದಲ್ಲಿದ್ದ ಆಸ್ತಿ, ವಿದ್ಯೆಗಳ ಷರತ್ತನ್ನು ಉಳಿಸಿಕೊಂಡಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಸಂವಿಧಾನವನ್ನು ಬರೆದವರು ಅದನ್ನು ಬಿಟ್ಟರು. ವಯಸ್ಕರಿಗೆಲ್ಲ ಮತವೆಂದು 326ನೆಯ ವಿಧಿಯಲ್ಲಿಯೂ, ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಪಟ್ಟಿಯಿಂದ ಹೊರಗಿಡಕೂಡದೆಂದು 325ರಲ್ಲಿಯೂ ಬರೆದರು. ಓದು ಬಾರದವರಿಗೆ ಚಿಹ್ನೆಗಳು ಬಂದವು. ನಾವು ದೋಷವಿಲ್ಲದವರೆಂದಲ್ಲ. ಮೊದಲ ಚುನಾವಣೆಯಲ್ಲಿಯೇ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ತಮ್ಮ ಹೆಸರನ್ನು ಹೇಳದ ಸುಮಾರು 28 ಲಕ್ಷ ಮಂದಿ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಆದರೂ ಮತಗಟ್ಟೆಯ ನಮ್ಮ ನಿಯಮದಲ್ಲಿ ಒಂದು ವಿವೇಕವಿದೆ. ಪಟ್ಟಿಯಲ್ಲಿ ಹೆಸರಿರುವಾತ ಅವನೇ ಹೌದೋ ಅಲ್ಲವೋ ಎಂದಷ್ಟೇ ಅಲ್ಲಿ ಕೇಳಬಹುದು. ಮತಕ್ಕೆ ಯೋಗ್ಯನೇ ಎಂದು ಕೇಳುವಂತಿಲ್ಲ. ಕೇಳುವವನು ಠೇವಣಿ ಇಡಬೇಕು, ಮೊದಲು ತನ್ನ ಸಾಕ್ಷ್ಯವನ್ನು ತೋರಿಸಬೇಕು. ಆ ದಿನ ಮುದುಕಿಯ ಕೈಗೆ ಶಾಯಿ ಬಿದ್ದದ್ದು ಈ ವಿವೇಕದಿಂದ.

ಹಾಗಾದರೆ ಆ ನಾಲ್ವರು? ನಿಯಮ ತನ್ನ ಕೆಲಸವನ್ನು ಮಾಡಿತ್ತು, ನಾನೂ ಮಾಡಿದ್ದೆ. ತಳವಾರನನ್ನು ಕಳುಹಿಸಿ, "ಬನ್ನಿ ತಾಯಿ, ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ" ಎಂದು ಹೇಳಿಸಬಹುದಾಗಿತ್ತು. ಅದು ನನ್ನ ಕರ್ತವ್ಯದ ಪಟ್ಟಿಯಲ್ಲಿರಲಿಲ್ಲ, ನಾನು ಹೇಳಿಸಲಿಲ್ಲ. ಆ ತರುಣ ಮುದುಕಿಯ ವಿಷಯದಲ್ಲಿ ಸೋತ; ಎರಡು ರೂಪಾಯಿಗೆ ನಾಲ್ಕು ಮತಗಳನ್ನು ಗೆದ್ದ. ಬಹುಶಃ ಅವನಿಗೆ ಬೇಕಾಗಿದ್ದುದೂ ಅಷ್ಟೇ. ಮನ್ರೋ ಪಟ್ಟಣದ ಕಚೇರಿಯ ಮುಂದೆ ಬೆಳಗಿನ ಐದು ಗಂಟೆಗೆ ನಿಂತವರನ್ನು ಆಯೋಗ ಎಣಿಸಿತು. ಅವರನ್ನು ನೋಡಿ ಮನೆಯಿಂದಲೇ ಹೊರಡದೆ ಉಳಿದವರನ್ನು ಯಾರು ಎಣಿಸಿದರು?

ಮತದಾನದ ದಿನ ಶೇಕಡಾವಾರು ಲೆಕ್ಕವನ್ನು ಪತ್ರಿಕೆಯಲ್ಲಿ ಓದುವಾಗ ಇಂದಿಗೂ ನನಗೆ ನೆನಪಾಗುವುದು ಆ ಐವರು ಹೆಂಗಸರ ಸಾಲು, ಅದರಲ್ಲಿ ಬರಿದಾದ ನಾಲ್ಕು ಎಡೆ.